ಬೋರಲು ಹಡಗಿನಲ್ಲಿ ಬೆಣೆ ಹೊಡೆದವನು

ಮಧ್ಯಾಹ್ನ ಮೂರಕ್ಕೇ ಕತ್ತಲು ಕವಿದು, ಸ್ಕಾಟ್ಲೆಂಡಿನ ಉತ್ತರ ತುದಿಯ ಸ್ಕಾಪಾ ಫ್ಲೋ ಕೊಲ್ಲಿಯ ಕಡೆಯಿಂದ ಮಳೆ ರಾಚತೊಡಗಿತು. ಹೊಸ ಸೊಸೆ ಥೋರಾ ಒಲೆ ಉರಿಸಿ, ಬಾರ್ಲಿ ರೊಟ್ಟಿಗೆ ಬೆಣ್ಣೆ ಸವರಿ ನೆರೆಯವರಿಗೆಲ್ಲ ಕೊಟ್ಟಳು. ಮದುವೆಯಾಗಿ ಬಂದು ವಾರವಷ್ಟೇ ಆಗಿದ್ದರೂ ಅವಳಿಗೆ ಈ ಮನೆ ಹಿಡಿಸಿತ್ತು.

"ಮಾವ, ನಿಮ್ಮ ಮದುವೆ ತಪ್ಪಿಹೋಗ್ತಿತ್ತಂತೆ, ಹೌದಾ?" ಎಂದು ಕೆಣಕಿದಳು.

ಮುದುಕ ಮಾನ್ಸಿ ಬಿಯರ್ ಲೋಟ ಕೆಳಗಿಟ್ಟ.

"ಮದುವೆ ಏನು, ಜೀವಾನೇ ಹೋಗ್ತಿತ್ತು ತಾಯಿ... ಜರ್ಮನ್ನರ ದೊಡ್ಡ ಯುದ್ಧನೌಕೆ ಅದು, ಮೊದಲ ಮಹಾಯುದ್ಧದ ಕಾಳಗದಲ್ಲಿ ಮೈತುಂಬ ಗುಂಡು ತಿಂದು, ಎಷ್ಟೋ ನಾವಿಕರು ಒಳಗೇ ಸತ್ತರೂ ಅದು ಬದುಕಿತ್ತು, ಸೋತಮೇಲೆ ನಮ್ಮ ಕೊಲ್ಲೀಲಿ ಸೆರೆ ಬಿತ್ತು, ಶತ್ರು ಕೈಗೆ ಯಾಕೆ ಕೊಡೋದು ಅಂತ ಅದರ ನಾವಿಕರೇ ನೀರು ಬಿಟ್ಟು ಮುಳುಗಿಸಿದ್ರು. ಹದಿನಾರು ವರ್ಷ ತಲೆಕೆಳಗಾಗಿ ಬಿದ್ದಿತ್ತು. ಮುಳುಗಿದ ಹಡಗು ಎತ್ತೋ ಕೆಲಸದವರು ನಾವು, ಅದರ ಹೊಟ್ಟೆಗೆ ಗಾಳಿ ತುಂಬಿ, ಬೋರಲಾಗೇ ತೇಲಿಸಿ, ಹಡಗು ಒಡೆದು ಗುಜರಿಗೆ ಹಾಕೋ ಕಟ್ಟೆಗೆ ಎಳೆಸ್ಕೊಂಡು ಹೊರಟ್ವಿ. ಅದರ ತಳದ ಮೇಲೇ ಮರದ ಗುಡಿಸಲು, ಒಲೆ, ಹಾಸಿಗೆ... ಹದಿನಾಲ್ಕು ಜನ ರಾಜರ ಹಾಗೆ ಇದ್ವಿ! ಮುಂದಿನ ಶನಿವಾರ ಜೆಸ್ಸಿ ಜೊತೆ ನನ್ನ ಮದುವೆ.

"ಎರಡನೇ ದಿನ ಬಿರುಗಾಳಿ. ಕಾಲಡಿ ಬುಸ್ ಅಂತ ಗಾಳಿ ಸೋರೋ ಸದ್ದು! ಗಾಳಿ ಹೋದ್ರೆ ಹಡಗು ಹೋಯ್ತು, ಹಡಗು ಹೋದ್ರೆ ನಾವೆಲ್ಲಿ? ಅಲೆ ಮೇಲೆ ಅಲೆ, ಒಳಗಿಳಿಯೋ ಬಾಗಿಲು ತೆಗೆಯೋ ಹಾಗಿಲ್ಲ. ಜೆಸ್ಸಿಯ ನೆನಪಾಗಿ ಅತ್ತುಬಿಟ್ಟೆ, ನಾಚಿಕೆ ಯಾಕೆ? ಆಗ ಕೇಳ್ತು... ಠಕ್... ಠಕ್... ಒಳಗೆ ಯಾರೋ ಮರದ ಬೆಣೆ ಹೊಡೀತಿದ್ದಾರೆ. ತಲೆ ಎಣಿಸಿದ್ವಿ. ಹದಿನಾಲ್ಕೂ ಮೇಲೇ ಇದ್ವಿ. ಬುಸ್ ಅನ್ನೋದು ನಿಂತೇಹೋಯ್ತು."

"ಎಷ್ಟು ಕುಡಿದಿದ್ರಿ?" ಎಂದು ಪಕ್ಕದ ಮನೆಯ ಫ್ಲೆಟ್ ನಕ್ಕ.

"ಕುಡಿದವನಿಗೆ ಸದ್ದು ಕೇಳಬಹುದು, ಬೆಣೆ ಸಿಗುತ್ತೇನೋ? ಕಟ್ಟೆ ಸೇರಿದ್ಮೇಲೆ ಲಾಟೀನು ಹಿಡಿದು ಇಳಿದ್ವಿ. ಬಿರುಕಿಗೆ ಬೆಣೆ ಬಿಗಿಯಾಗಿ ಕೂತಿತ್ತು. ಕಾಲ ಕೆಳಗೆ ನೋಡಿದ್ವಿ, ಒಂದು ಗುರುತಿಲ್ಲ. ಮೇಲೆ ನೋಡಿದ್ವಿ... ನಮ್ಮ ತಲೆ ಮೇಲೆ, ಕಲ್ಲಿದ್ದಲ ಮಸಿಯ ಬೂಟಿನ ಹೆಜ್ಜೆಗಳು. ನಮಗದು ಚಾವಣಿ, ಅವನಿಗೆ ನೆಲ. ಹಡಗು ಮಗುಚಿದ್ದು ಅವನಿಗೆ ಯಾರು ಹೇಳಬೇಕಿತ್ತು?

"ಹೆದರಿದೆ, ಸುಳ್ಳು ಯಾಕೆ? ಆದ್ರೆ ಜೀವ ಉಳಿಸಿದವನನ್ನ ಕುಲುಮೆಗೆ ಹಾಕೋಕೆ ಮನಸ್ಸು ಬರಲಿಲ್ಲ. ಹೆಜ್ಜೆಯಿದ್ದ ಆ ಉಕ್ಕಿನ ಹಲಗೆ ಕೇಳಿ ತಂದು ಈ ಅಡುಗೆಮನೆ ಚಾವಣಿಗೇ ಹೊದಿಸಿದೆ. ಮೂವತ್ತು ವರ್ಷ, ಒಂದು ಹನಿ ಸೋರಿಲ್ಲ. ಸುಖವಾಗಿದ್ದೀವಿ. ಒಂದೇ ಕಷ್ಟ, ಆಗಾಗ ಸುಣ್ಣ ಬಳೀಬೇಕು... ಮೊನ್ನೆ ನಿಮ್ಮ ಮದುವೆಗೆ ಬಳಿದೆ. ಥೋರಾ, ದೀಪ ಸ್ವಲ್ಪ ಮೇಲೆತ್ತು ತಾಯಿ... ಆಗಲೇ ಎಷ್ಟು ಹೆಜ್ಜೆ ಆಗಿವೆ ನೋಡೋಣ."