ನಿರ್ಣಾದ ಹೊಲದಲ್ಲಿ ಬೈಜಾಂಟಿಯಮ್ ದಂಡು

"ಒಂದ್ ಅಕ್ಷರ ಸುಳ್ಳಿದ್ರ ನನ್ನ ನಾಲಿಗಿ ಇಲ್ಲೇ ಬಿದ್ದು ಹೋಗ್ಲಿ," ಎಂದು ಮುದುಕ ಭೀಮಶಾ ಚಹಾ ಬಸಿ ಕೆಳಗಿಟ್ಟ.

ತೊಂಬತ್ತೆಂಟರ ಶ್ರಾವಣ. ಮಧ್ಯಾಹ್ನವೇ ಕತ್ತಲು ಕವಿಸಿದ ಮಳೆಗೆ ಹುಮನಾಬಾದಿನ ಕಾಳಿನ ಗಂಜ್ ಸ್ತಬ್ಧವಾಗಿ, ಜಹೀರುದ್ದೀನನ ಚಹಾದಂಗಡಿಯ ತಗಡಿನ ಕೆಳಗೆ ಆರೇಳು ಜನ ಒತ್ತಿ ಕುಳಿತಿದ್ದರು. ಜೋಳ ಮಾರಲು ಬಂದಿದ್ದ ನಿರ್ಣಾ ಹಳ್ಳಿಯ ಧನರಾಜ ಮಾತ್ರ ಖುಷಿಯಲ್ಲಿದ್ದ. ಬೆಳಿಗ್ಗೆ ಅವನ ಹೊಲದ ತುಂಬ ಕುದುರೆ ಲದ್ದಿ ಬಿದ್ದಿತ್ತು. ಊರಲ್ಲಿ ಕುದುರೆಯೇ ಇಲ್ಲ. ಪುಕ್ಕಟೆ ಗೊಬ್ಬರ ಎಂದು ಅವನು ಎಲ್ಲರಿಗೂ ಹೇಳಿ ನಕ್ಕ ಮೇಲೆಯೇ ಕುರಿಗಾರ ಭೀಮಶಾ ಬಾಯಿ ತೆರೆದದ್ದು.

"ಏಳು ವರ್ಷದ ಹಿಂದಿನ ಮಾತ್ರಿ. ಕಲ್ಯಾಣದ ಕ್ವಾಟಿ ಗ್ವಾಡಿ ಹಿಂದ ಕುರಿ ಕೂಡಿಸಿದ್ದೆ... ಒಬ್ಬಾಂವ ಬಂದು ನಿಂತ. ಎದಿ ಮ್ಯಾಲ ಮೀನಿನ ಚಿಪ್ಪ ಹಂಗ ಕಬ್ಬಿಣದ ಬಿಲ್ಲಿ, ಮಳಿ ಅವನ ಮೈಯಾಗ ಹಾದು ನೆಲಕ್ಕ ಬೀಳಾಕತ್ತದ. ಏಳು ಸಮುದ್ರದಾಚಿ ಬೈಜಾಂಟಿಯಮ್ ಬಾದಶಹಾನ ದಂಡನಾಯಕ ಅಂದ. ಅವನ ಭಾಷಾ ನನಗ ಹ್ಯಾಂಗ ತಿಳೀತು ಅಂತೀರೇನು? ಹಸದಾಂವನ ಮಾತು ಯಾರಿಗಿ ತಿಳಿಯಂಗಿಲ್ಲ ಹೇಳ್ರಿ... ಪಾಪ, ಸಾವಿರ ವರ್ಷದಿಂದ ದಾರಿ ತಪ್ಪ್ಯಾನ. ಮುಂದ ಹೋಗು ಅಂತ ಬಾದಶಹಾ ಚಿಟ್ಠಿ ಬರದಾನ, ಮುಂದ ಅಂದ್ರ ಎಲ್ಲಿ ಅಂತ ಬರದಿಲ್ಲ. ಕುದುರಿಗಿ ಮೇವಿಲ್ಲ, ಆಳಿಗಿ ಕೂಳಿಲ್ಲ, ಅರ್ಧಾ ದಂಡಿಗಿ ಚಳಿಜ್ವರ, ಉಳದರ್ಧ ಈ ನಾಯಕನ್ನೇ ಕಡದು ಮನಿಗಿ ಹೋಗಮು ಅಂತದ. ನಿನ್ನ ಇನ್ನೂರು ಕುರಿ ಕೊಡು ಅಂದ."

"ಕೊಟ್ಟಿ ಏನು ಕಾಕಾ?" ಎಂದ ಧನರಾಜ.

"ಕೊಟ್ಟು ಏನ್ ಕಾಯ್ಲಿ, ನಿನ್ನನ್ನ? ಬುದ್ಧಿ ಕೊಟ್ಟೆ. ಸರದಾರ್ರ, ನಾವೂ ಆರು ತಿಂಗಳು ಊರು ಬಿಟ್ಟವರೇ, ಯಾರನ್ನರ ಲೂಟಿ ಮಾಡ್ತೀವೇನು? ಒಬ್ಬರ ಹೊಲದಾಗ ರಾತ್ರಿ ಕುರಿ ಕೂಡಸ್ತೀವಿ, ಗೊಬ್ಬರ ಅವರಿಗಿ, ಜ್ವಾಳ ನಮಗ. ನೀವೂ ಕುದುರಿ ಕೂಡಸ್ರಿ, ಅಂದೆ. ಅವತ್ತಿನಿಂದ ದಂಡು ಹೊಟ್ಟಿ ತುಂಬ ಉಂಡು ಸುಖಾ ಅದ. ಬದುವಿನ ಮ್ಯಾಲ ಜ್ವಾಳ ಇಟ್ಟವರ ಬೆಳಿ ದಂಡಿನವರೇ ಕಾಯ್ತಾರ."

ಧನರಾಜನ ಬಸಿ ಬಾಯಿಗೆ ಹೋಗದೆ ನಡುವೆಯೇ ನಿಂತಿತು. ಲದ್ದಿ ಕಂಡಾಗ ಅವನು ಬದುವಿನ ಕಡೆ ನೋಡಿರಲೂ ಇಲ್ಲ.

"ಇಡಲಿಲ್ಲ ಅಂದ್ರ?"

"ದಂಡು ಅಂದ ಮ್ಯಾಲ ಕಾಯ್ದಾ ಇರ್ತದಪಾ. ಕೂಳು ಕೊಡದ ಮನಿಯಿಂದ ಒಂದು ಆಳು ಭರ್ತಿ. ಹೋದ ವರ್ಷ ಹಳ್ಳಿಖೇಡದಾಗ ಒಬ್ಬಾಂವ ಹೊಲಕ್ಕ ಹೋದಾಂವ ತಿರುಗಿ ಬರಲಿಲ್ಲ. ಮೊನ್ನಿ ಕಂಡೆ... ಹಿಂದಿನ ಸಾಲಿನಾಗ ಧೋತರ ಉಟ್ಟು ಭರ್ಚಿ ಹಿಡದು ನಡದಿದ್ದ. ಕೈ ಮಾಡಿದ. ಮೈ ಏನೋ ಛಲೋ ಹಿಡದಾನ. ಇವತ್ತು ದೀಪಾ ಹಚ್ಚೋದರೊಳಗ ನೀ ಜ್ವಾಳ ಇಡದಿದ್ರ, ಧನರಾಜ, ಅವರು ಮೊದಲ ನಿನ್ನ ಮನಿಗೇ ಬಂದು..."

ಧನರಾಜ ಆಗಲೇ ಎದ್ದು, ಮಾರಲು ತಂದ ಜೋಳದ ಚೀಲವನ್ನು ಹೆಗಲಿಗೇರಿಸಿ, ಮಳೆಯಲ್ಲಿ ನಿರ್ಣಾದ ಬಸ್ಸಿನತ್ತ ನಡೆದಿದ್ದ.