ದೇವರ ಬೆನ್ನಿಗೆ ದೀಪ

ಇಚಲಕರಂಜಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೌಸಾಬಾಯಿಯ ಪಕ್ಕ ಮಗ್ಗದ ಕೆಲಸದವನೊಬ್ಬ ಹೆಂಡತಿಯನ್ನು ದಾನೋಳಿಯ ತವರಿಗೆ ಕಳಿಸಲು ನಿಂತಿದ್ದ. ಹೌಸಾಬಾಯಿ ಬೇರೆ ಕಡೆ ನೋಡುತ್ತಿದ್ದಳು. ಕಿವಿ ಮಾತ್ರ ಇಲ್ಲೇ ಇತ್ತು.

“ದೇವರ ಜಗಲಿ ಮ್ಯಾಲ ಜೋತಿಬಾನ ಮಾರಿ ಗ್ವಾಡಿ ಕಡೆ ತಿರುವಿಟ್ಟೀರಿ. ಎಷ್ಟ ದಿನಾ ಹಂಗ?” ಹೆಂಡತಿ ಕೇಳಿದಳು.

“ಕೂಸು ಉಳಸಪಾ ಅಂತ ಬರಿಗಾಲಿಲೆ ಗುಡ್ಡಾ ಹತ್ತಿ ಬೇಡಿದ್ನಿ. ಆಗ ಹೊಳ್ಳಿ ನೋಡ್ಲಿಲ್ಲ. ಈಗ ನಮ್ಮ ಮಾರಿ ಆತಗ್ಯಾಕ ಬೇಕು?”

“ನಾ ದಿನಾ ದೀಪಾ ಹಚ್ಚತೀನ್ರಿ.”

“ಬೆನ್ನಿಗೇನ?”

“ಹೌದ್ರಿ, ಬೆನ್ನಿಗೇ. ಸಿಟ್ಟ ಬಂದೈತಂತ ಯಾರನ್ನೂ ಕತ್ತಲದಾಗ ಕುಂಡ್ರಸಬಾರದು. ಕೂಸು ಹೋದಾಗಿಂದ ನೀವೂ ನನಗ ಬೆನ್ನ ಮಾಡಿ ಮಲಗತೀರಿ. ಕೌದಿ ಹೊಚ್ಚೂದು ಬಿಟ್ಟೀನೇನು?”

ಬಸ್ಸು ಬಂತು. ಅವನು ಅವಳ ಗಂಟನ್ನು ಒಳಗೆ ಇಟ್ಟ.

“ಇವತ್ತಿಂದ ನೀವ ಹಚ್ಚಬೇಕ್ರಿ,” ಎಂದು ಅವಳು ಬಸ್ಸು ಹತ್ತಿದಳು.

ಬಸ್ಸು ಹೊರಟಿತು. ಅವನು ಒಮ್ಮೆಲೇ ಕಿಟಕಿಯ ಜೊತೆ ಓಡತೊಡಗಿದ.

“ಏ! ಎಣ್ಣಿ ಎಲ್ಲಿಟ್ಟಿ?”