ಅಂಗಳದಾಗ ಹರದ ಭೀಮಾ

ಅಲ್ಲ, ಮೊದಲೇ ಒಂದು ಮಾತು ಹೇಳಿಬಿಡ್ತೇನಿ, ನನಗ ಕತಿ ಹೇಳಾಕ ಬರಂಗಿಲ್ಲ, ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೋರಿ. ಜಿಂದಗಿ ಪೂರ್ತಿ ವಿಜ್ಞಾನ ಹೇಳಿದಂವ ನಾ. ವಿಜ್ಞಾನದಾಗ ಏನದ, ಮೊದಲು ಉದ್ದೇಶ, ಆಮ್ಯಾಲ ಸಾಮಾನು, ಆಮ್ಯಾಲ ಮಾಡೋ ರೀತಿ, ಹಿಂಗ ಸಾಲಾಗಿ ಬರ್ಕೊಂತ ಹೋದ್ರ ಆತು. ಕತಿಗೆ ಹಂಗ ಸಾಲಿಲ್ಲ ನೋಡ್ರಿ, ಒಂದು ಹೇಳಾಕ ಹೋದ್ರ ಇನ್ನೊಂದು ಹೇಳಬೇಕಾಗ್ತದ. ಆದರೂ ಹೇಳ್ತೇನಿ, ಯಾಕಂದ್ರ ಪಲ್ಲವಿ, ಅಜ್ಜನ ಮನಿಗೆ ಬಂದಾಗೂ ನೀ ರಜಾದ ಪ್ರಾಜೆಕ್ಟ್ ಅಂತ ಅಂಗಡಿಗೆ ಹೋಗಿ ಥರ್ಮಾಕೋಲಿನ ಜ್ವಾಲಾಮುಖಿ ತಂದಿ, ಬಣ್ಣನೂ ಅವರೇ ಹಚ್ಚಿಕೊಟ್ಟಾರ, ಹೆಸರಿನ ಚೀಟಿನೂ ಅವರೇ ಅಂಟಿಸ್ಯಾರ. ಛಲೋ ಅದ, ಇಲ್ಲನ್ನಂಗಿಲ್ಲ. ಸಿಟ್ಟಾಗಬ್ಯಾಡ. ಆದ್ರ ಅದನ್ನ ನೋಡಿದ ಕೂಡಲೇ ನನಗ ರಜಿಯಾ ಟೀಚರ್ ನೆನಪಾದ್ರು. ಸಂಜು, ನೀನೂ ಆ ಮೊಬೈಲ್ ಕೆಳಗಿಡು, ಇಲ್ಲಿ ಕಟ್ಟಿ ಮ್ಯಾಲ ಬಂದು ಕೂಡು.

ಆವಾಗ ನನ್ನ ನೌಕರಿ ಇನ್ನ ಮೂರು ವರ್ಷ ಉಳಿದಿತ್ತು. ಮೂರಲ್ಲ, ನಾಲ್ಕು. ಇರ್ಲಿ. ಆಳಂದ ತಾಲೂಕಿನಿಂದ ನನ್ನ ಇಲ್ಲಿ ಜೇವರ್ಗಿ ತಾಲೂಕಿಗೆ ವರ್ಗಾ ಮಾಡಿದ್ರು, ನೆಲೋಗಿಯಿಂದ ಒಳಗ ಈ ಊರಿಗೇ, ರಿಟೈರ್ ಆದ ಮ್ಯಾಲೂ ಇಲ್ಲೇ ಉಳದೇನಿ. ನಾ ಭೂಸನೂರದವ. ಇದನ್ನ ಯಾಕ ಹೇಳಾಕತ್ತೇನಿ ಅಂದ್ರ ಮುಂದ ಬೇಕಾಗ್ತದ, ನೆನಪಿಟ್ಟುಕೋರಿ. ಭೂಸನೂರ ಅಂದ್ರ ಸಕ್ಕರಿ ಕಾರ್ಖಾನಿ, ಕಬ್ಬು, ವರ್ಷಪೂರ್ತಿ ಹೊಲದಾಗ ನೀರು. ಈ ಸಾಲಿಗೆ ಬಂದ್ರ ಏನದ? ಪ್ರಯೋಗಶಾಲಿ ಅಂತ ಬೋರ್ಡ್ ಅದ, ಒಳಗ ಒಂದು ಒಡದ ಬೀಕರ್, ಒಂದು ಅಸ್ಥಿಪಂಜರದ ಚಿತ್ರ, ಅದಕ್ಕ ಯಾರೋ ಮೀಸಿ ಬರದಾರ. ಭೂಗೋಳಕ್ಕ ಒಂದೇ ಒಂದು ನಕ್ಷಾ, ಗ್ವಾಡಿ ಮೊಳಿಗೆ ನೇತು ಹಾಕಿದ್ದು.

ಭೂಗೋಳ ಹೇಳಾಕ ಗೆಸ್ಟ್ ಟೀಚರ್ ಇದ್ರು, ರಜಿಯಾ. ಗೆಸ್ಟ್ ಅಂದ್ರ ಮನಿಗೆ ಬರೋ ಬೀಗರಲ್ಲ, ಖಾಯಂ ನೌಕರಿ ಇಲ್ಲದವರು, ಪ್ರತಿ ವರ್ಷ ಹೆಡ್ ಮಾಸ್ತರ್ ಅವರ ಹೆಸರು ಬರದು ಕಳಿಸಿದ್ರ ಉಂಟು, ಇಲ್ಲಂದ್ರ ಇಲ್ಲ. ಅಫಜಲಪುರದವರು. ಅಪ್ಪಂದು ಸೈಕಲ್ ಪಂಚರ್ ಅಂಗಡಿ, ಮನ್ಯಾಗ ಕಾಲೇಜ್ ಮೆಟ್ಟಲಾ ಹತ್ತಿದ ಮೊದಲನೇ ಹುಡುಗಿ. ದಿನಾ ಎರಡು ಬಸ್ ಬದಲಿ ಮಾಡಿ ಬರ್ತಿದ್ರು, ಆದ್ರ ಪ್ರಾರ್ಥನಾಕ್ಕ ಒಂದು ದಿನ ತಪ್ಪಿಲ್ಲ. ನಾ ಸಾಲಿ ಎದುರಿಗೇ ಖೋಲಿ ಮಾಡ್ಕೊಂಡಿದ್ದೆ, ನಾ ತಪ್ಪಿಸೇನಿ. ಖರೇ ಹೇಳಬೇಕಲ್ಲ.

ಒಂದಿನ ಒಂಬತ್ತನೇ ಕ್ಲಾಸಿನಾಗ ಅವರು ನೈಲ್ ನದಿ ಹೇಳಾಕತ್ತಾರ, ನಾ ಬಾಗಲದಾಗ ನಿಂತೇನಿ, ನನ್ನ ಪೀರಿಯಡ್ ಮುಂದ ಇತ್ತು. ನೈಲ್ ದಕ್ಷಿಣದಿಂದ ಉತ್ತರಕ್ಕ ಹರೀತದ ಅಂದ್ರು. ಭಾಗ್ಯಾ ಅಂತ ಒಬ್ಬಾಕಿ ಹುಡುಗಿ ಎದ್ದು ನಿಂತ್ಳು, ಇಕಿ ನಮ್ಮ ಸಾಲಿ ಬಿಸಿಯೂಟ ಮಾಡೋ ಶಾಂತಮ್ಮನ ಮಗಳು. "ಟೀಚರ್ರಿ, ಉತ್ತರ ಮ್ಯಾಲ ಅದಲ್ರಿ. ನೀರು ಮ್ಯಾಲಕ್ಕ ಹೆಂಗ ಹೋಗ್ತದ್ರಿ? ಯಾರು ಮೋಟರ್ ಹಚ್ಯಾರ್ರಿ?" ಎಲ್ಲಾ ಹುಡುಗ್ರು ನಕ್ರು. ನಾನೂ ನಕ್ಕೆ. ರಜಿಯಾ ಟೀಚರ್ ನಗಲಿಲ್ಲ ನೋಡ್ರಿ. ಸುಮ್ಮ ಹೋಗಿ ನಕ್ಷಾ ಮೊಳಿಯಿಂದ ತಗದು ನೆಲಕ್ಕ ಹಾಸಿದ್ರು. "ಈಗ ಹೇಳು, ಎಲ್ಲದ ಮ್ಯಾಲ, ಎಲ್ಲದ ತಳಗ?" ಅಂದ್ರು. ಭಾಗ್ಯಾ ಸುತ್ತ ತಿರುಗಿ ನೋಡಿದ್ಳು, ನೋಡಿದ್ಳು, "ಮ್ಯಾಲ ಇಲ್ಲೇ ಇಲ್ರಿ!" ಅಂದ್ಳು. ತಿಳೀತೇನು? ನಕ್ಷಾ ನೇತು ಹಾಕಿದ್ರ ಮಕ್ಕಳಿಗೆ ಹೊಳಿ ಗ್ವಾಡಿ ಮ್ಯಾಲಿಂದ ಜಾರಿಧಂಗ ಕಾಣ್ತದ. ಇಷ್ಟು ವರ್ಷ ಮಾಸ್ತರಕಿ ಮಾಡಿದ ನನಗ ಇದು ಹೊಳದಿದ್ದಿಲ್ಲ. ಆ ದಿನ ಟೀಚರ್ ನನ್ನ ಕಡಿ ಬಂದು, "ಸರ್, ನಮ್ಮ ಹೊಳಿ ನಾವೇ ಅಂಗಳದಾಗ ಮಾಡೂಣ್ರಿ. ನೀರು ಖರೇನೇ ಹರೀಬೇಕು. ವಿಜ್ಞಾನ ನಿಮ್ದು, ಭೂಗೋಳ ನಂದು" ಅಂದ್ರು. ನಾ ಹೂಂ ಅಂದೆ.

ಹೆಡ್ ಮಾಸ್ತರಿಗೆ ಇದು ಸೇರಲಿಲ್ಲ. ಕೆಟ್ಟ ಮನಷ್ಯಾ ಅಲ್ಲ, ಹೆದರಿಕಿ ಮನಷ್ಯಾ. ಹಿಂದಿನ ವರ್ಷ ಪರೀಕ್ಷಾದಾಗ ನಕ್ಷಾದ ಪ್ರಶ್ನಿ ಅರ್ಧ ಮಕ್ಕಳು ಖಾಲಿ ಬಿಟ್ಟು ಬಂದಿದ್ರು, ಮ್ಯಾಲಿನವರು ಬೈದಿದ್ರು. "ಟೀಚರ್, ಪಾಠ ಬಿಟ್ಟು ಮಣ್ಣಾಟ ಹಚ್ಚೀರಿ. ಸೋಮವಾರ ಸಾಹೇಬ್ರು ಸಾಲಿ ನೋಡಾಕ ಬರ್ತಾರ. ಇದು ಪಾಠ ಅಂತ ಅವರಿಗೆ ಕಾಣಬೇಕು. ಇಲ್ಲಂದ್ರ ನಿಮ್ಮ ಹೆಸರಿನ ಕಾಗದ ನಾ ಇನ್ನ ಕಳಿಸಿಲ್ಲ, ನೋಡ್ರಿ ಮತ್ತ" ಅಂದ್ರು. ಟೀಚರ್ ಮುಖ ಸಣ್ಣದಾತು. ಹೊರಗ ಬಂದು ನನಗೇ ಸಮಾಧಾನ ಹೇಳ್ತಾರ, "ಫಿಕರ್ ನಕ್ಕೋ ಕರೋ ಸರ್, ಚಿಂತಿ ಬ್ಯಾಡ್ರಿ, ನಮ್ಮ ಹೊಳಿ ನಮಗ ಮೋಸ ಮಾಡಂಗಿಲ್ಲ."

ಹೊಳಿ ಮೋಸ ಮಾಡಲಿಲ್ಲ. ನಾ ಮಾಡಿದೆ. ಹೆಂಗಂದ್ರ ಕೇಳ್ರಿ.

ಮಣ್ಣೆತ್ತಿನ ಅಮಾಸಿ ಆಗಿ ವಾರ ಆಗಿತ್ತು. ಮನಿಮನಿಗೂ ಮಕ್ಕಳು ಎರಿ ಮಣ್ಣಿನ ಎತ್ತು ಮಾಡಿ ಪೂಜಾ ಮಾಡಿದ್ರು. ಎರಿ ಅಂದ್ರ ಕರೀ ಮಣ್ಣು, ಗೊತ್ತದಲ್ಲ, ಹಸಿ ಇದ್ದಾಗ ಬೆಣ್ಣಿ. ನಾ ಅಂದೆ, ಎತ್ತಿಗೆ ಇದೇ ಮಣ್ಣು, ಹೊಳಿಗೂ ಇದೇ ಮಣ್ಣು, ಇದಕ್ಕಿಂತ ಛಲೋದು ಇಲ್ಲ. ಟೀಚರ್ ಒಮ್ಮೆ ಕೇಳಿದ್ರು, "ಸರ್, ಬಿಸಲಿಗೆ ತಡೀತದೇನ್ರಿ?" ನಾ ದೊಡ್ಡ ಗಂಟಲ್ಲೇ, "ಟೀಚರ್, ನಾ ಎರಿ ಹೊಲದಾಗ ಹುಟ್ಟಿದಂವ" ಅಂದೆ. ಹಿರಿಯ ಅಂತ ಅವರು ನನ್ನ ಮಾತು ಒಪ್ಪಿಕೊಂಡ್ರು.

ಮಧ್ಯಾಹ್ನ ಒಂದು ಕೋಲು ನೆಟ್ಟು ನೆರಳು ಅಳದು ದಿಕ್ಕು ಹಿಡದ್ವಿ. ಆ ದಿನದಾಗ ಸೂರ್ಯ ನಮ್ಮ ನೆತ್ತಿ ದಾಟಿ ಜರಾ ಉತ್ತರಕ್ಕ ಇರ್ತಾನ, ನೆರಳು ದಕ್ಷಿಣಕ್ಕ ಬೀಳ್ತದ, ಅದನ್ನ ಮಕ್ಕಳು ನಂಬಲೇ ಇಲ್ಲ, ಮೂರು ದಿನ ಅಳದ ಮ್ಯಾಲ ನಂಬಿದ್ರು. ಉತ್ತರಕ್ಕ ಆಳಂದ ಎತ್ತರ ಮಾಡಿದ್ವಿ, ಪಡುವಲಕ್ಕ ಅಫಜಲಪುರ, ದಕ್ಷಿಣಕ್ಕ ನಮ್ಮ ಜೇವರ್ಗಿ. ಆಳಂದದಿಂದ ಅಮರ್ಜಾ ಇಳದು ಬಂದು ಭೀಮಾಕ್ಕ ಕೂಡ್ತದ, ಭೀಮಾ ಅಫಜಲಪುರ ಕಡಿಯಿಂದ ಜೇವರ್ಗಿ ಕಡಿಗೆ. ಇಜೇರಿ ಹುಡುಗ್ರು ಇಜೇರಿಗೆ ಕಲ್ಲಿಟ್ರು, ನೆಲೋಗಿಯವರು ನೆಲೋಗಿಗೆ, ನಾ ಭೂಸನೂರಕ್ಕ ಕಬ್ಬಿನ ಗಣಿಕಿ ಚುಚ್ಚಿದೆ. ಏನ್ ಕಾಣ್ತಿತ್ತು ಅಂತೀರಿ! ಅಂಗಳ ತುಂಬ ಮಲಗಿದ ಮೂರು ತಾಲೂಕು.

ಆ ವರ್ಷ ಮಳಿ ತಡಾ. ಶನಿವಾರ ಸುಡು ಬಿಸಲು. ಐತಾರ ಮುಂಜಾನಿ ಸುಮ್ಮ ನೋಡಿ ಬರೂಣಂತ ಹೋದ್ರ, ಭೀಮಾ ಹನ್ನೆರಡು ತುಕಡಿ! ಆಳಂದ ಒಂದು ಕಡಿ, ಅಮರ್ಜಾ ಒಂದು ಕಡಿ, ಬಿರುಕಿನಾಗ ನನ್ನ ಕೈ ಹೋಗ್ತದ. ನನ್ನ ಮೂರ್ಖತನಕ್ಕ ರಜಿಯಾ ಟೀಚರ್ ಅನ್ನ ಹೋಗ್ತದಲ್ಲ! ಹಸಿ ಎರಿ ಕಲಸಿ ಬಿರುಕಿಗೆ ತುಂಬಾಕ ಕುಂತೆ. ತುಂಬಿದಷ್ಟೂ ಪಕ್ಕಕ್ಕ ಇನ್ನೊಂದು ಬಿರೀತದ. ಅದನ್ನ ಶಾಂತಮ್ಮ ನೋಡಿದ್ಳು, ನೀರಿನ ಕೊಡ ಹೊತ್ತು ಹೊಂಟಿದ್ಳು. ನಿಂತು ನಕ್ಕಳ ನೋಡ್ರಿ, ಕೊಡದಾಗಿನ ನೀರು ತುಳಕ್ತು.

"ಏನ್ರಿ ಮಾಸ್ತರ, ನಿಮ್ಮೂರಾಗ ಎರಿ ಬಿರಿಯಂಗಿಲ್ಲೇನ್ರಿ?"

"ನಮ್ಮಲ್ಲಿ ಕಬ್ಬು ಬೇ, ಹೊಲ ಒಣಗೋದೇ ಇಲ್ಲ."

"ಹಂಗಂದ್ರ ನೀವು ಎರಿ ಅರ್ಧಾನೇ ನೋಡೀರಿ ಬಿಡ್ರಿ. ಎತ್ತು ಸಣ್ಣದು, ಜಗಲಿ ಮ್ಯಾಲ ನೆರಳಾಗ ಇರ್ತದ, ಐದು ದಿನಕ್ಕ ನೀರಿಗೆ ಬಿಡ್ತೇವಿ. ಎರಿಯಿಂದ ಯಾರರ ಮಾಳಗಿ ಹಾಕ್ತಾರೇನ್ರಿ? ಸೋರಿ ಮನಿಯೊಳಗೇ ಹೊಳಿ ಬರ್ತದ!"

ಮಾಳಗಿ ಅಂದ್ರ ನಿಮಗ ಗೊತ್ತಿಲ್ಲ, ಮಣ್ಣಿನ ಸಪಾಟ ಛತ್ತು. ಮಳಿಗಾಲಕ್ಕ ಮುಂಚೆ ಹೆಣ್ಣುಮಕ್ಕಳು ಹಾಳಬಿದ್ದ ದಿಬ್ಬದಿಂದ ಬಿಳಿ ಮಣ್ಣು ತಂದು ಮ್ಯಾಲ ಬಡೀತಾರ, ಒಂದು ಹನಿ ಸೋರಂಗಿಲ್ಲ. ಶಾಂತಮ್ಮನ ಮನಿ ಹಿಂದ ಆ ಮಣ್ಣು ಉಳಿದಿತ್ತು. ನಾ ಟೀಚರಿಗೆ ಫೋನ್ ಹಚ್ಚಿ, "ಟೀಚರ್, ನಾ ನಿಮ್ಮ ಹೊಳಿ ಒಡದೇನಿ" ಅಂದೆ. ಬೈತಾರಂತ ಕಿವಿಯಿಂದ ಫೋನ್ ದೂರ ಹಿಡಿದಿದ್ದೆ. ಬೈಲಿಲ್ಲ. ಐತಾರ ದಿನ ಎರಡು ಬಸ್ ಬದಲಿ ಮಾಡಿ ಬಂದ್ರು. ಬಿರುಕು ನೋಡಿ ಕುಕ್ಕರಗಾಲಿಲೇ ಕುಂತ್ರು. ಆಮ್ಯಾಲ, "ಸರ್, ಪೂರ್ತಿ ಕೆಡವಬ್ಯಾಡ್ರಿ. ಆಳಂದದ ಕಡಿ ಅರ್ಧ ಹಿಂಗೇ ಬಿರದಿದ್ದು ಇರ್ಲಿ. ಹೊಳಿ ಮತ್ತ ಈ ಅರ್ಧ ಶಾಂತಮ್ಮೋರ ಮಣ್ಣಿಂದ ಮಾಡೂಣ. ಮಕ್ಕಳು ಎರಡೂ ನೋಡ್ಲಿ" ಅಂದ್ರು. ನಾನಾದ್ರ ಮುಚ್ಚಿಡತಿದ್ದೆ. ಅವರು ತಪ್ಪನ್ನೇ ಪಾಠದ ಸಾಮಾನು ಮಾಡಿದ್ರು. ಅದೇ ನನಗೂ ಅವರಿಗೂ ಫರಕು. ಆ ದಿನ ಶಾಂತಮ್ಮ ಮುಂದ ನಿಂತು ಹೇಳ್ತಾಳ, "ಮಾಸ್ತರ, ಹಂಗ ತಟ್ಟಬ್ಯಾಡ್ರಿ, ಮಗಾನ ಬೆನ್ನು ತಟ್ಟಿಧಂಗ ತಟ್ರಿ," ಭಾಗ್ಯಾ ನೀರು ತರ್ತಾಳ, ಇಬ್ಬರು ಪಗಾರದ ಮಾಸ್ತರು ಕೂಲಿಯವರಂಗ ತಟ್ಟಾಕತ್ತೇವಿ.

ಸೋಮವಾರ ಸಾಹೇಬ್ರು ಬಂದ್ರು. ಹೆಡ್ ಮಾಸ್ತರ್ ಅಂಗಳ ತಪ್ಪಿಸಿ ಆಫೀಸಿಗೆ ಕರ್ಕೊಂಡು ಹೋಗಾಕ ನೋಡಿದ್ರು, ಸಾಹೇಬ್ರು ನಿಂತೇಬಿಟ್ರು. "ಇದೇನ್ರಿ, ಅರ್ಧ ಒಡದದಲ್ಲ? ಯಾರು ಮಾಡಿದ್ದು?" ಹೆಡ್ ಮಾಸ್ತರ್ ರಜಿಯಾ ಟೀಚರ್ ಕಡಿ ನೋಡಿದ್ರು. ಟೀಚರ್ ಬಾಯಿ ತಗೀಬೇಕು, ಅಷ್ಟರಾಗ ನಾ, "ಒಡದದ್ದು ನಾ ಮಾಡಿದ್ದು ಸಾಹೇಬ್ರ, ಉಳದದ್ದು ಅವರು ಮಾಡಿದ್ದು" ಅಂದೆ. ಸಾಹೇಬ್ರು ನಗಲಿಲ್ಲ. "ಮಾಡೋದು ಸರಿ. ಮಕ್ಕಳಿಗೆ ಏನರ ತಿಳದದೋ, ಬರೇ ಬಾಯಿಪಾಠನೋ?" ಅಂತಂದು ಭಾಗ್ಯಾನ ಕರದ್ರು. "ಹೇಳವ್ವ, ಭೀಮಾಕ್ಕ ಮಹಾಪೂರ ಬಂದ್ರ ಮೊದಲು ಯಾರ ಹೊಲ ಮುಳುಗ್ತದ?"

ಈ ಪ್ರಶ್ನಿ ಪುಸ್ತಕದಾಗ ಇಲ್ಲ. ನಾವೂ ಹೇಳಿಕೊಟ್ಟಿಲ್ಲ. ಭಾಗ್ಯಾ ಓಡಿಹೋಗಿ ಅವ್ವನ ಕೊಡ ತಂದು ಪಡುವಲ ಕಡಿಯಿಂದ ಭರ್ರಂತ ನೀರು ಸುರದ್ಳು. ನೀರು ಹರೀತು, ಖರೇನೇ ಹರೀತು, ಸೋರಲಿಲ್ಲ! ದಂಡಿ ಮ್ಯಾಲಿನ ಕಲ್ಲು ಒಂದೊಂದೇ ಮುಳುಗಿದ್ವು. ಭಾಗ್ಯಾ ಬೆರಳು ಮಾಡಿ ತೋರಸ್ತಾಳ, "ಮೊದ್ಲು ಅಫಜಲಪುರ ಕಡಿದು ಮುಳುಗ್ತದ್ರಿ, ಆಮ್ಯಾಲ ನಮ್ದು. ನಡುವ ನಮಗ ಟೈಮ್ ಸಿಗತದ್ರಿ, ದನಾ ಬಿಚ್ಚಾಕ, ಜ್ವಾಳದ ಚೀಲ ಎತ್ತಾಕ. ಆದ್ರ ಅಲ್ಲಿಂದ ಯಾರರ ಫೋನ್ ಮಾಡಬೇಕ್ರಿ. ರಜಿಯಾ ಟೀಚರ್ ಮನಿ ಅಲ್ಲೇ ಅದ್ರಿ, ಅವರು ಮಾಡ್ತಾರ್ರಿ." ಆಮ್ಯಾಲ ಹೆಡ್ ಮಾಸ್ತರ್ ಕಡಿ ತಿರುಗಿ, ಆ ಕಾಗದದ ಸುದ್ದಿ ಆಕಿಗೂ ಮುಟ್ಟಿತ್ತು, ಅಂಜಿಕಿಲ್ಲ ಏನಿಲ್ಲ, "ಟೀಚರನ್ನ ತಗದ್ರ ನಮಗ ಯಾರು ಹೇಳ್ತಾರ್ರಿ ಸರ್?" ಅಂದ್ಳು.

ಭೀಮಾದ ನೀರು ಜೇವರ್ಗಿ ದಾಟಿ ಹೆಡ್ ಮಾಸ್ತರ್ ಬೂಟಿಗೆ ಬಂದು ನಿಂತಿತ್ತು, ಅವರು ಕಾಲು ತಗೀಲಿಲ್ಲ. ಸಾಹೇಬ್ರು ಕುಕ್ಕರಗಾಲಿಲೇ ಕುಂತು, ಬಿರುಕಿನಾಗ ಬೆರಳು ಹಾಕಿ, "ಇದು ಯಾಕ ಬಿರೀತು, ಅದು ಯಾಕ ಬಿರೀಲಿಲ್ಲ?" ಅಂತ ನನಗೇ ಕೇಳಿದ್ರು.

ಏನ್ ಪಲ್ಲವಿ? ಟೀಚರ್ ನೌಕರಿ ಉಳೀತೇನಂತ ಕೇಳ್ತಿ? ಹೇಳ್ತೇನಿ ತಡಿ ಬೇ, ಮೊದಲು ಮಣ್ಣಿಂದು ಮುಗಿಸ್ತೇನಿ, ಇಲ್ಲಂದ್ರ ಮರೀತೇನಿ. ನಾ ಸಾಹೇಬ್ರಿಗೂ ಅದೇ ಹೇಳಿದೆ, ಸಾಹೇಬ್ರ, ಮಣ್ಣಿನ ಗುಣಾ ಮಣ್ಣು ಹೊತ್ತವರನ್ನ ಕೇಳಬೇಕು, ಪುಸ್ತಕ ಆಮ್ಯಾಲ ತಗೀಬೇಕು. ನೀವೂ ಆ ಥರ್ಮಾಕೋಲ್ ಅಂಗಡಿಯವಂಗ ವಾಪಸ್ ಕೊಟ್ಟು ಬರ್ರಿ. ಈಗ ನೋಡ್ರಿ, ಎರಿ ಮಣ್ಣಿನ ಕಣ ಭಾಳ ಸಣ್ಣವು, ಪುಸ್ತಕದ ಹಾಳಿ ಇದ್ಧಂಗ ಒಂದರ ಮ್ಯಾಲ ಒಂದು ಇರ್ತಾವ, ನೀರು ಬಿತ್ತಂದ್ರ ಹಾಳಿ ನಡುವ ಹೊಕ್ಕು ಉಬ್ಬತಾವ, ಒಣಗಿತಂದ್ರ ಕುಗ್ಗತಾವ, ಕುಗ್ಗಿದಾಗ ಜಾಗಾ ಖಾಲಿ ಆಗಿ ಬಿರೀತದ. ಅದೇ ಮಾಳಗಿ ಮಣ್ಣು ಹಂಗ ಯಾಕ ಮಾಡಂಗಿಲ್ಲ ಅಂದ್ರ, ಅದರಾಗ ಏನಿರ್ತದ...

"ಸರ್! ಓ ಸರ್! ಮಣ್ಣಿನ ಟ್ರ್ಯಾಕ್ಟರ್ ಸಾಲಿ ಅಂಗಳಕ್ಕ ಹೊಂಟದ, ಬರ್ರಿ ಲಗು! ಸಾಲಿ ಚಾಲೂ ಆಗೋದ್ರಾಗ ಭೀಮಾ ಮುಗೀಬೇಕು!"

ಬಂದೆ ರಜಿಯಾ ಟೀಚರ್, ಬಂದೇಬಿಟ್ಟೆ. ಸಂಜು, ಆ ಕೊಡ ತಗೋಳೋ.